ಸ್ಲೀವ್, ಬೈಪಾಸ್ ಆಗಿ ವರ್ಷಗಳಾದವರಿಗೆ ಕೊಡವ ಹೋಟೆಲ್ ಊಟ: ತಟ್ಟೆಯ ಒಂದೊಂದು ಪದಾರ್ಥದ ವಿಮರ್ಶೆ

ಮಡಿಕೇರಿ, ವಿರಾಜಪೇಟೆ, ಗೋಣಿಕೊಪ್ಪ, ಕುಶಾಲನಗರ, ಎಲ್ಲಿ ಕೂತರೂ ಕೊಡವ ಊಟದ ಹೋಟೆಲಿನ ಮೆನು ಹೆಚ್ಚುಕಡಿಮೆ ಒಂದೇ. ಪಂದಿಕರಿ (ಹಂದಿ ಮಾಂಸದ ಸಾರು), ಕೋಳಿಕರಿ, ಕಡಂಬುಟ್ಟು (ಅಕ್ಕಿತರಿಯ ಉಂಡೆ), ನೂಪುಟ್ಟು (ಅಕ್ಕಿ ಶಾವಿಗೆ), ಅಕ್ಕಿ ಒಟ್ಟಿ (ರೊಟ್ಟಿ), ಮಳೆಗಾಲವಾದರೆ ಬೈಂಬಳೆ (ಕಳಲೆ) ಮತ್ತು ಕುಮ್ಮು (ಅಣಬೆ), ಕೊನೆಗೊಂದು ಬೆಲ್ಲದ ಕಾಫಿ. ಹಾಗಾಗಿ ಈ ವಿಮರ್ಶೆ ಒಂದು ಹೋಟೆಲಿನದಲ್ಲ, ಆ ಊಟದ್ದು. ರುಚಿಯ ಬಗ್ಗೆ ಬರೆದವರು ಬೇಕಾದಷ್ಟು ಜನ ಇದ್ದಾರೆ. ಇಲ್ಲಿ ನೋಡುತ್ತಿರುವುದು ಬೇರೆ ವಿಷಯ: ತೂಕ ಇಳಿಸುವ ಶಸ್ತ್ರಚಿಕಿತ್ಸೆ (ಜಠರದ ಸ್ಲೀವ್ ಅಥವಾ ಬೈಪಾಸ್, ಹೃದಯದ್ದಲ್ಲ) ಆಗಿ ಮೂರು, ಐದು, ಎಂಟು ವರ್ಷ ಕಳೆದು, ಇಳಿದ ತೂಕ ಕಿಲೋ ಕಿಲೋ ಲೆಕ್ಕದಲ್ಲಿ ವಾಪಸ್ಸು ಬರುತ್ತಿರುವಾಗ ಈ ಮೆನುವಿನಲ್ಲಿ ಯಾವುದನ್ನು ಹೇಳಬೇಕು, ಯಾವುದನ್ನು ಬಿಡಬೇಕು, ಯಾವುದನ್ನು ಮೊದಲು ತಿನ್ನಬೇಕು?

ತೀರ್ಮಾನ ಮೊದಲೇ ಹೇಳಿಬಿಡೋಣ. ಈ ಊಟದಲ್ಲಿ ಎಲ್ಲರೂ ಬೈಯುವುದು ಹಂದಿ ಮಾಂಸವನ್ನು, ಆದರೆ ತೂಕ ಮರಳುವುದರಲ್ಲಿ ಅದರ ಪಾಲು ಜನ ಅಂದುಕೊಂಡಷ್ಟು ದೊಡ್ಡದಲ್ಲ. ದೊಡ್ಡ ಪಾಲು ಗ್ರೇವಿಯಲ್ಲಿ ಅದ್ದಿದ ಮೆತ್ತನೆಯ ಪುಟ್ಟು, ಲೋಟದಲ್ಲಿ ಬರುವ ಬೆಲ್ಲ ಮತ್ತು ಗ್ಲಾಸಿನಲ್ಲಿ ಬರುವ ಮದ್ಯದ್ದು. ಮೂರಕ್ಕೂ ಒಂದು ಗುಣ ಸಮಾನ, ಜಾರಿಕೊಂಡು ಹೋಗುತ್ತವೆ.

ಜಾರುವುದು ಯಾಕೆ ಮುಖ್ಯ ಅಂತ ತಿಳಿಯಲು ಒಳಗೆ ಏನಾಗಿದೆ ಅನ್ನುವುದು ಗೊತ್ತಿರಬೇಕು. ಸ್ಲೀವ್‌ನಲ್ಲಿ ಜಠರದ ಸುಮಾರು ಮುಕ್ಕಾಲು ಭಾಗವನ್ನೇ ತೆಗೆದು ಬಾಳೆಕಾಯಿಯಂಥ ಒಂದು ಕೊಳವೆ ಉಳಿಸುತ್ತಾರೆ. ಬೈಪಾಸ್‌ನಲ್ಲಿ ಮೇಲೆ 30 ಮಿಲಿ ಹಿಡಿಸುವಷ್ಟು ಪುಟ್ಟ ಚೀಲ ಮಾಡಿ ಅದಕ್ಕೆ ಸಣ್ಣ ಕರುಳನ್ನು ಜೋಡಿಸುತ್ತಾರೆ. ಮೊದಲ ವರ್ಷ ನಾಲ್ಕು ತುತ್ತಿಗೆ ಸಾಕೆನಿಸುತ್ತದೆ, ಹಸಿವಿನ ಹಾರ್ಮೋನುಗಳೂ ತಗ್ಗಿರುತ್ತವೆ. ಹೆಚ್ಚಿನವರಲ್ಲಿ 12ರಿಂದ 24 ತಿಂಗಳೊಳಗೆ ತೂಕ ತನ್ನ ಕನಿಷ್ಠಕ್ಕೆ ಇಳಿಯುತ್ತದೆ. ಆಮೇಲೆ ಚೀಲ ಸ್ವಲ್ಪ ಹಿಗ್ಗುತ್ತದೆ, ಹಸಿವು ಮರಳುತ್ತದೆ, ಇಳಿದ ದೇಹಕ್ಕೆ ಮೊದಲಿಗಿಂತ ಕಡಿಮೆ ಕ್ಯಾಲೊರಿ ಸಾಕಾಗುತ್ತದೆ. ಸ್ವೀಡನ್ನಿನ ಎಸ್‌ಒಎಸ್ (ಸ್ವೀಡಿಷ್ ಒಬೀಸ್ ಸಬ್ಜೆಕ್ಟ್ಸ್) ಎಂಬ ದೀರ್ಘಕಾಲದ ಅಧ್ಯಯನದಲ್ಲಿ ಬೈಪಾಸ್ ಆದವರ ತೂಕ ಮೊದಲ ಒಂದೆರಡು ವರ್ಷದಲ್ಲಿ ಸರಾಸರಿ ಶೇ. 32 ಇಳಿದಿತ್ತು, 10 ವರ್ಷದ ಹೊತ್ತಿಗೆ ಆ ಇಳಿಕೆ ಶೇ. 25ಕ್ಕೆ ಬಂದು ನಿಂತಿತ್ತು. ಅಂದರೆ ಒಂದಷ್ಟು ಮರಳುವುದು ನಿರೀಕ್ಷಿತವೇ, ಅದು ಯಾರ ಸೋಮಾರಿತನವೂ ಅಲ್ಲ. ಆದರೆ ಗಟ್ಟಿ ಆಹಾರ ಈಗಲೂ ಆ ಸಣ್ಣ ಜಾಗದಲ್ಲಿ ಸ್ವಲ್ಪ ಹೊತ್ತು ನಿಂತು ಹೊಟ್ಟೆ ತುಂಬಿಸುತ್ತದೆ, ಮೆತ್ತಗಿನದು ಮತ್ತು ನೀರಾದದ್ದು ನಿಲ್ಲುವುದಿಲ್ಲ. ವರ್ಷಗಳಾದ ಮೇಲೆ ಶಸ್ತ್ರಚಿಕಿತ್ಸೆಯಿಂದ ಉಳಿದಿರುವ ಸಹಾಯ ಮುಖ್ಯವಾಗಿ ಇದೇ. ಅದನ್ನು ಬಳಸಿಕೊಳ್ಳುವ ಊಟ ಒಳ್ಳೆಯದು, ತಪ್ಪಿಸಿ ಹೋಗುವ ಊಟ ಕೆಟ್ಟದು. ಈ ವಿಮರ್ಶೆಯ ಅಳತೆಗೋಲು ಇಷ್ಟೇ.

ಪಂದಿಕರಿ

ತಟ್ಟೆಯಲ್ಲಿ ಪ್ರೋಟೀನ್ ಇರುವ ಪದಾರ್ಥ ಇದು, ಆದ್ದರಿಂದ ಮೊದಲು ತಿನ್ನಬೇಕಾದದ್ದೂ ಇದೇ. ಶಸ್ತ್ರಚಿಕಿತ್ಸೆ ಆದವರಿಗೆ ದಿನಕ್ಕೆ 60ರಿಂದ 80 ಗ್ರಾಂ ಪ್ರೋಟೀನ್ ಬೇಕು, ಒಂದು ಊಟಕ್ಕೆ 20ರಿಂದ 25 ಗ್ರಾಂ. ಎರಡೂವರೆ ಸೆಂಟಿಮೀಟರ್ ಚೌಕದ ಒಂದು ತುಂಡು ಸುಮಾರು 15 ಗ್ರಾಂ ತೂಗುತ್ತದೆ. ಅಂಥ ಆರು ತುಂಡು, ಬಿಳಿ ಕೊಬ್ಬನ್ನು ಬದಿಗಿಟ್ಟರೆ, 20 ಗ್ರಾಂ ಪ್ರೋಟೀನಿನ ಆಸುಪಾಸಿಗೆ ತಲುಪುತ್ತದೆ. ತೊಂದರೆ ಇರುವುದು ಯಾವ ತುಂಡು ಬರುತ್ತದೆ ಅನ್ನುವುದರಲ್ಲಿ. ತೊಡೆ, ಭುಜದ ತುಂಡಾದರೆ ಮಾಂಸವೇ ಹೆಚ್ಚು. ಹೊಟ್ಟೆಭಾಗದ್ದಾದರೆ ಅರ್ಧಕ್ಕರ್ಧ ಕೊಬ್ಬು, ಅದೇ ಆರು ತುಂಡಿಗೆ ಪ್ರೋಟೀನ್ ಅರ್ಧವಾಗಿ ಕ್ಯಾಲೊರಿ ಎರಡು ಪಟ್ಟಾಗುತ್ತದೆ. ಬಡಿಸುವವರನ್ನು ಕೇಳಿದರೆ ಹೆಚ್ಚಿನ ಕಡೆ ಆರಿಸಿ ಹಾಕುತ್ತಾರೆ. "ಅಣ್ಣ, ಗ್ರೇವಿ ಕಡಿಮೆ ಇರಲಿ, ಕೊಬ್ಬಿಲ್ಲದ ತುಂಡು ನೋಡಿ ಹಾಕಿ, ಪುಟ್ಟು ಒಂದೇ ಸಾಕು" ಎಂದರೆ ಮುಗಿಯಿತು. ಆಪರೇಷನ್ ಕಥೆ ಹೇಳಬೇಕಾಗಿಲ್ಲ.

ಗ್ರೇವಿಯ ವಿಷಯ ಬೇರೆಯೇ. ಹಂದಿಯ ಕೊಬ್ಬು ಬೇಯುತ್ತಾ ಕರಗಿ ಮಸಾಲೆಗೆ ಇಳಿಯುತ್ತದೆ, ಕಪ್ಪಗೆ ಹೊಳೆಯುವ ಆ ಪದರವೇ ಅದು. ಒಂದು ಟೇಬಲ್ ಚಮಚ ಕೊಬ್ಬೆಂದರೆ ಸುಮಾರು 120 ಕ್ಯಾಲೊರಿ. ತುಂಡನ್ನು ಚಮಚದಲ್ಲಿ ಎತ್ತಿ ಬಟ್ಟಲಿನ ಅಂಚಿಗೆ ಒಂದು ಕ್ಷಣ ಹಿಡಿದು ಸೋರಿಸಿ ತಟ್ಟೆಗೆ ಹಾಕಿಕೊಂಡರೆ ರುಚಿ ಉಳಿಯುತ್ತದೆ, ಕೊಬ್ಬು ಬಟ್ಟಲಿನಲ್ಲಿ ಉಳಿಯುತ್ತದೆ. ಮನೆಯಲ್ಲಿ ಮಾಡುವವರಿಗೆ ಇನ್ನೂ ಸುಲಭ: ಹಿಂದಿನ ದಿನವೇ ಮಾಡಿ ಫ್ರಿಜ್ಜಿನಲ್ಲಿಟ್ಟರೆ ಮೇಲೆ ಕೊಬ್ಬು ಹೆಪ್ಪುಗಟ್ಟುತ್ತದೆ, ಅದನ್ನು ಚಮಚದಲ್ಲಿ ತೆಗೆದು ಬಿಸಿ ಮಾಡಿ. ಪಂದಿಕರಿ ಮಾರನೆಯ ದಿನವೇ ಹೆಚ್ಚು ರುಚಿ ಅನ್ನುವುದು ಹೇಗೂ ಎಲ್ಲರಿಗೂ ಗೊತ್ತು.

ಇಲ್ಲಿ ನಿಜವಾಗಿ ತಪ್ಪುವುದು ಇನ್ನೊಂದು ಕಡೆ, ಅದನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು. ಮಾಂಸ ಗಟ್ಟಿಯಾಗಿ ಬೆಂದಿದ್ದರೆ, ಅಥವಾ ಬೇಗ ಬೇಗ ನುಂಗಿದರೆ, ಎದೆಯ ನಡುವೆ ಸಿಕ್ಕಿಕೊಂಡಂತಾಗುತ್ತದೆ. ಬಾಯಿಗೆ ನೊರೆನೊರೆಯಾದ ಜೊಲ್ಲು ಬರುತ್ತದೆ, ಕೆಲವರಿಗೆ ತಿಂದದ್ದು ವಾಪಸ್ಸು ಬರುತ್ತದೆ. ಎರಡು ಸಲ ಹೀಗಾದರೆ ಮೂರನೆಯ ಸಲ ಕೈ ತಾನಾಗಿ ಕಡಂಬುಟ್ಟಿನ ಕಡೆ ಹೋಗುತ್ತದೆ: ಗ್ರೇವಿಯಲ್ಲಿ ಅದ್ದಿದರೆ ಸಲೀಸಾಗಿ ಇಳಿಯುತ್ತದಲ್ಲ! ಮನೆಯವರೂ ಪಾಪ, "ಮಾಂಸ ಆಗಲ್ಲ ಅವರಿಗೆ, ಪುಟ್ಟು ಹಾಕಿ" ಅನ್ನುತ್ತಾರೆ. ಆರು ತಿಂಗಳಲ್ಲಿ ಊಟ ಪೂರ್ತಿ ಅಕ್ಕಿ ಮತ್ತು ಸಾರಾಗಿರುತ್ತದೆ, ಎರಡು ಗಂಟೆಗೊಮ್ಮೆ ಹಸಿವಾಗುತ್ತದೆ, ತೂಕ ಏರುತ್ತದೆ. ತಿನ್ನುವುದು ಕಡಿಮೆಯೇ, ಆದರೂ ತೂಕ ಏರುತ್ತಿದೆ ಎಂದು ದೂರುವವರ ತಟ್ಟೆಯಲ್ಲಿ ಬಹಳ ಸಲ ಸಿಗುವುದು ಇದೇ ದಾರಿ.

ಪರಿಹಾರ ಮಾಂಸ ಬಿಡುವುದಲ್ಲ, ತಿನ್ನುವ ರೀತಿ ಬದಲಿಸುವುದು. ತುಂಡನ್ನು ಹೆಬ್ಬೆರಳಿನ ಉಗುರಿನಷ್ಟಕ್ಕೆ ಮುರಿದುಕೊಳ್ಳಿ. ಬಾಯಲ್ಲಿ ಅಂಬಲಿಯಾಗುವವರೆಗೆ ಅಗಿಯಿರಿ. ಒಂದು ತುತ್ತು ಇಳಿದ ಮೇಲೆ ಕೈಯನ್ನು ತಟ್ಟೆಯಿಂದ ತೆಗೆದು ಅರ್ಧ ನಿಮಿಷ ಬಿಡಿ. ಇಡೀ ಊಟಕ್ಕೆ 20ರಿಂದ 30 ನಿಮಿಷ ಇರಲಿ. ಊಟದ ನಡುವೆ ನೀರು ಬೇಡ, ಮುಗಿದ ಮೇಲೂ 30 ನಿಮಿಷ ಬೇಡ. ಇಷ್ಟೆಲ್ಲ ಮಾಡಿಯೂ ಮೆತ್ತಗೆ ಬೆಂದ ಮಾಂಸ, ಮೊಟ್ಟೆ ಎರಡೂ ಪ್ರತಿ ಸಲ ಸಿಕ್ಕಿಕೊಂಡರೆ ಅದು ಊಟದ ತಪ್ಪಲ್ಲ. ಸ್ಲೀವ್ ಎಲ್ಲೋ ಕಿರಿದಾಗಿರಬಹುದು, ತಿರುಚಿಕೊಂಡಿರಬಹುದು, ಬೈಪಾಸ್‌ನ ಜೋಡಣೆಯಲ್ಲಿ ಹುಣ್ಣಾಗಿರಬಹುದು. ಎಂಡೋಸ್ಕೋಪಿ ಆಗಬೇಕು. ವಾಂತಿ ದಿನಗಟ್ಟಲೆ ಮುಂದುವರಿದರೆ ಕಾಯಬೇಡಿ, ಥಯಮಿನ್ ಕೊರತೆಯಿಂದ ನರಗಳಿಗೇ ಪೆಟ್ಟು ಬೀಳುತ್ತದೆ.

ಪಂದಿ ಫ್ರೈಗೆ ನಮ್ಮ ಅಂಕ ಕಡಿಮೆ. ಒಣಗಿರುವುದರಿಂದ ಸಿಕ್ಕಿಕೊಳ್ಳುವುದೂ ಹೆಚ್ಚು, ಗ್ಲಾಸಿನ ಜೊತೆ ತಟ್ಟೆ ಮುಗಿಯುವುದು ಗೊತ್ತೂ ಆಗುವುದಿಲ್ಲ.

ಕಾಚಂಪುಳಿಯ ಬಗ್ಗೆ ಒಂದು ಮಾತು

ಪಂದಿಕರಿಗೆ ಕಪ್ಪು ಬಣ್ಣ, ಹುಳಿ ಕೊಡುವ ಕಾಚಂಪುಳಿ ತಯಾರಾಗುವುದು ಗಾರ್ಸಿನಿಯಾ ಗಮ್ಮಿಗುಟ್ಟ ಮರದ ಹಣ್ಣಿನಿಂದ. ಇದೇ ಹಣ್ಣಿನ ಸಾರವನ್ನು ಗಾರ್ಸಿನಿಯಾ ಕ್ಯಾಂಬೋಜಿಯಾ ಅನ್ನುವ ಹಳೆಯ ಹೆಸರಲ್ಲಿ ಕ್ಯಾಪ್ಸೂಲ್ ಮಾಡಿ "ಕೊಬ್ಬು ಕರಗಿಸುತ್ತದೆ" ಎಂದು ಮಾರುತ್ತಾರೆ. ನಮ್ಮೂರಿನದೇ ಹಣ್ಣಲ್ಲವೇ ಎಂಬ ನಂಬಿಕೆಯಲ್ಲಿ ಕಾಚಂಪುಳಿಯನ್ನು ಬೆಳಿಗ್ಗೆ ಬಿಸಿನೀರಿಗೆ ಹಾಕಿ ಕುಡಿಯುವುದೂ, ಕ್ಯಾಪ್ಸೂಲ್ ತರಿಸುವುದೂ ಬೇಡ. ಗಮನಿಸುವಷ್ಟು ತೂಕ ಇಳಿಸಿದ ಪುರಾವೆ ಇಲ್ಲ, ಈ ಸಾರ ಇರುವ ಕ್ಯಾಪ್ಸೂಲುಗಳಿಂದ ಯಕೃತ್ತಿಗೆ ಹಾನಿಯಾದ ಪ್ರಕರಣಗಳು ವರದಿಯಾಗಿವೆ. ಕರಿಗೆ ಒಂದೆರಡು ಚಮಚ ಹಾಕುವುದು ಅಡುಗೆ, ಅದಕ್ಕೆ ಅಡ್ಡಿಯಿಲ್ಲ. ಸ್ಲೀವ್ ಆಗಿ ಎದೆಯುರಿ, ಹುಳಿತೇಗು ಇರುವವರಿಗೆ ಮಾತ್ರ ಕಾಚಂಪುಳಿ, ಕರಿಮೆಣಸು ಎರಡೂ ಸೇರಿದ ಕರಿ ರಾತ್ರಿ ಊಟಕ್ಕೆ ಒಳ್ಳೆಯದಲ್ಲ. ತಿನ್ನಲೇಬೇಕೆಂದರೆ ಮಧ್ಯಾಹ್ನ ತಿನ್ನಿ, ತಿಂದು ಮೂರು ಗಂಟೆ ಮಲಗಬೇಡಿ.

ಕಡಂಬುಟ್ಟು, ನೂಪುಟ್ಟು, ಒಟ್ಟಿ

ಒಂದು ಲೋಟ ಅಕ್ಕಿತರಿಗೆ ಎರಡು ಲೋಟದ ಮೇಲೆ ನೀರು ಹಾಕಿ ಕಾಸಿ, ಉಂಡೆ ಕಟ್ಟಿ ಹಬೆಯಲ್ಲಿ ಬೇಯಿಸಿದ್ದು ಕಡಂಬುಟ್ಟು. ನಿಂಬೆಹಣ್ಣಿನ ಗಾತ್ರದ, 50 ಗ್ರಾಂ ತೂಗುವ ಒಂದು ಉಂಡೆಯಲ್ಲಿ 50ರಿಂದ 60 ಕ್ಯಾಲೊರಿ, ಒಂದು ಗ್ರಾಂನಷ್ಟು ಪ್ರೋಟೀನ್. ಎಣ್ಣೆಯಿಲ್ಲ, ಸಕ್ಕರೆಯಿಲ್ಲ. ಒಂದು ಉಂಡೆಗೆ ಯಾವ ದೋಷವೂ ಇಲ್ಲ. ಆದರೆ ಬಡಿಸುವುದು ನಾಲ್ಕು, ಅದರ ಜೊತೆ ಹೀರಿಕೊಳ್ಳುವ ಗ್ರೇವಿ ಲೆಕ್ಕಕ್ಕೇ ಬರುವುದಿಲ್ಲ. ಆರು ತುಂಡು ಮಾಂಸ ಮುಗಿಸಿ ಆಮೇಲೆ ಒಂದು ಕಡಂಬುಟ್ಟು ತಿಂದರೆ ಎರಡನೆಯದಕ್ಕೆ ಜಾಗವೇ ಇರುವುದಿಲ್ಲ. ಕ್ರಮ ತಿರುಗಿಸಿದರೆ ನಾಲ್ಕಕ್ಕೂ ಜಾಗ ಸಿಗುತ್ತದೆ, ಮಾಂಸ ಉಳಿಯುತ್ತದೆ.

ನೂಪುಟ್ಟು ಈ ಪಟ್ಟಿಯಲ್ಲಿ ಅತಿ ಮೋಸದ್ದು. ಎಳೆಎಳೆಯಾಗಿ ಹಗುರ ಕಾಣುತ್ತದೆ, ಅಗಿಯದೆಯೇ ಇಳಿಯುತ್ತದೆ, ಕೋಳಿಕರಿಯ ಸಾರನ್ನು ಬಟ್ಟೆಯ ಹಾಗೆ ಹೀರುತ್ತದೆ. ತೂಕ ಏರುತ್ತಿರುವ ತಿಂಗಳುಗಳಲ್ಲಿ ಇದನ್ನು ಬಿಟ್ಟುಬಿಡಿ. ಪಾಪುಟ್ಟಿನಲ್ಲಿ ಹಾಲು, ತೆಂಗಿನತುರಿ ಸೇರಿ ಇನ್ನಷ್ಟು ಮೆತ್ತಗೆ. ಜೇನು ಹಾಕಿಕೊಂಡರೆ ಊಟ ಹೋಗಿ ಸಿಹಿತಿಂಡಿಯಾಗುತ್ತದೆ. ಅಕ್ಕಿ ಒಟ್ಟಿಗೆ ನಮ್ಮ ಮೆಚ್ಚುಗೆ ಇದೆ: ಅದೇ ಅಕ್ಕಿಯೇ ಆದರೂ ಸುಟ್ಟು ಒಣಗಿಸಿರುವುದರಿಂದ ಅಗಿಯಲೇಬೇಕು, ನಿಧಾನ ಆಗಲೇಬೇಕು. ಅಂಗೈಯಗಲದ ಒಂದು, ಎಳ್ಳು ಪಜ್ಜಿ ಒಂದು ಚಮಚ, ಮಾಂಸದ ಜೊತೆ. ತುಪ್ಪದ ಅನ್ನದ ಬಗ್ಗೆ ಹೇಳಲು ಹೆಚ್ಚೇನಿಲ್ಲ, ಬೇಡ.

ಅಕ್ಕಿ ಮತ್ತು ಬೆಲ್ಲ ಒಟ್ಟಿಗೆ ಬಂದಾಗ ಇನ್ನೊಂದು ಸಮಸ್ಯೆ ಇದೆ. ಹೆಚ್ಚಾಗಿ ಬೈಪಾಸ್ ಆದವರಲ್ಲಿ, ಅದೂ ಒಂದು ವರ್ಷ ಕಳೆದ ಮೇಲೆ, ಊಟವಾಗಿ ಒಂದರಿಂದ ಮೂರು ಗಂಟೆಯೊಳಗೆ ಬೆವರು, ಕೈನಡುಕ, ಕಣ್ಣು ಮಂಜು, ತಡೆಯಲಾರದ ಹಸಿವು ಬರುತ್ತದೆ. ಸಕ್ಕರೆ ಸರಕ್ಕನೆ ಕರುಳಿಗೆ ಇಳಿದು, ಇನ್ಸುಲಿನ್ ಅಳತೆ ಮೀರಿ ಸುರಿದು, ರಕ್ತದ ಸಕ್ಕರೆ ಕುಸಿದಿರುತ್ತದೆ. ಆಗ ಸಿಹಿ ತಿಂದರೆ ಆರಾಮವಾಗುತ್ತದೆ, ಎರಡು ಗಂಟೆ ಬಿಟ್ಟು ಮತ್ತೆ ಅದೇ. ಹೀಗೆ ಸುತ್ತುವವರ ತೂಕ ಏರದೆ ಇರುವುದು ಹೇಗೆ? ಆ ಹೊತ್ತಿಗೆ ಗ್ಲುಕೋಮೀಟರಿನಲ್ಲಿ ನೋಡಿ ಬರೆದಿಡಿ. ಡೆಸಿಲೀಟರಿಗೆ 54 ಮಿ.ಗ್ರಾಂಗಿಂತ ಕೆಳಗಿದ್ದರೆ ವೈದ್ಯರಿಗೆ ತಿಳಿಸಲೇಬೇಕು. ತಕ್ಷಣಕ್ಕೆ 15 ಗ್ರಾಂ ಗ್ಲುಕೋಸ್, ಸರಿಹೋದ ಮೇಲೆ ಒಂದು ಮೊಟ್ಟೆ ಅಥವಾ ಒಂದು ಹಿಡಿ ಕಡಲೆಬೀಜ. ಈ ಲಕ್ಷಣ ಇರುವವರು ಪುಟ್ಟು, ಬೆಲ್ಲದ ಕಾಫಿ ಮುಗಿಸಿ ನೇರ ಸಂಪಾಜೆ ಘಾಟಿ ಇಳಿಯಲು ಸ್ಟೀರಿಂಗ್ ಹಿಡಿಯಬೇಡಿ.

ಕೋಳಿ, ಬೈಂಬಳೆ, ಕುಮ್ಮು

ಕೋಳಿಕರಿ ಪಂದಿಕರಿಗಿಂತ ಕೊಬ್ಬಿನಲ್ಲಿ ಹಗುರ, ಪ್ರೋಟೀನಿನಲ್ಲಿ ಸಮಾನ. ಎದೆಭಾಗ ಬೇಡ, ಒಣಗಿ ಸಿಕ್ಕಿಕೊಳ್ಳುತ್ತದೆ. ಕಾಲಿನ ತುಂಡು ಕೇಳಿ. ತೆಂಗಿನಕಾಯಿ ಅರೆದು ಹಾಕಿದ ಗ್ರೇವಿಯಾದ್ದರಿಂದ ಸೋರಿಸುವ ನಿಯಮ ಇಲ್ಲಿಗೂ ಅನ್ವಯ.

ಬೈಂಬಳೆ ಅಂದರೆ ಕಳಲೆ, ಕ್ಯಾಲೊರಿ ತೀರಾ ಕಡಿಮೆ, ನಾರು ಹೆಚ್ಚು. ದಿನಗಟ್ಟಲೆ ನೀರು ಬದಲಿಸಿ ನೆನೆಸಿ ಬೇಯಿಸುವುದು ಅದರಲ್ಲಿರುವ ಸಯನೈಡ್ ಅಂಶ ಹೋಗಲೆಂದು, ಆ ಕೆಲಸದಲ್ಲಿ ಅವಸರ ಮಾಡದ ಕೈಯ ಅಡುಗೆಯನ್ನೇ ತಿನ್ನಿ. ಶಸ್ತ್ರಚಿಕಿತ್ಸೆ ಆದವರು ಗಮನಿಸಬೇಕಾದ್ದು ನಾರು. ಅಗಿಯದೆ ನುಂಗಿದ ಉದ್ದನೆಯ ನಾರು ಸಣ್ಣ ಚೀಲದಲ್ಲಿ ಉಂಡೆಗಟ್ಟಿ ದಾರಿ ಮುಚ್ಚಬಹುದು. ಎಳೆಯ ತುದಿಭಾಗ, ಸಣ್ಣಗೆ ಹೆಚ್ಚಿದ್ದು, ಮೂರು ನಾಲ್ಕು ಚಮಚ. ಕುಮ್ಮು ಕರಿ ರುಚಿಗೆ ಸರಿ, ಆದರೆ ಅಣಬೆಯನ್ನು ಮಾಂಸಕ್ಕೆ ಬದಲಿ ಎಂದುಕೊಳ್ಳಬೇಡಿ: 100 ಗ್ರಾಂನಲ್ಲಿ ಪ್ರೋಟೀನ್ ಸುಮಾರು ಮೂರು ಗ್ರಾಂ ಅಷ್ಟೇ. ಸಸ್ಯಾಹಾರಿಗಳು ಈ ಹೋಟೆಲುಗಳಲ್ಲಿ ಕಷ್ಟಪಡುತ್ತಾರೆ, ಅದು ಈ ಮೆನುವಿನ ನಿಜವಾದ ಕೊರತೆ. 100 ಗ್ರಾಂ ಪನೀರಿನಲ್ಲಿ 18 ಗ್ರಾಂ, ಒಣಗಿದ ಸೋಯಾ ಚಂಕ್ಸ್ 50 ಗ್ರಾಂನಲ್ಲಿ 25 ಗ್ರಾಂ ಪ್ರೋಟೀನ್ ಇದೆ. ಮನೆಯಲ್ಲೇ ತಿಂದು ಹೊರಡುವುದು ಮೇಲು.

ಲೋಟದಲ್ಲಿ ಬರುವುದು

ಬೆಲ್ಲದ ಕಾಫಿ ಒಂದು ಲೋಟಕ್ಕೆ 15ರಿಂದ 20 ಗ್ರಾಂ ಬೆಲ್ಲ, ಅಂದರೆ 60ರಿಂದ 80 ಕ್ಯಾಲೊರಿ. ಬೆಲ್ಲ ಸಕ್ಕರೆಗಿಂತ ಒಳ್ಳೆಯದು ಅನ್ನುವ ಮಾತು ತೂಕದ ಲೆಕ್ಕದಲ್ಲಿ ನಿಲ್ಲುವುದಿಲ್ಲ, ಎರಡೂ ಗ್ರಾಂಗೆ ಸುಮಾರು 4 ಕ್ಯಾಲೊರಿ. ತೋಟದ ಮನೆಗಳಲ್ಲಿ ದಿನಕ್ಕೆ ನಾಲ್ಕು ಲೋಟ ಸಾಮಾನ್ಯ. ಅದು 300 ಕ್ಯಾಲೊರಿಯ ಹತ್ತಿರ, ಐದು ಕಡಂಬುಟ್ಟಿಗೆ ಸಮ, ಹೊಟ್ಟೆಯಲ್ಲಿ ಒಂದು ಚೂರೂ ಜಾಗ ಹಿಡಿಯದೆ. ಕಾಫಿ ಬಿಡಿ ಎಂದು ಕೊಡಗಿನಲ್ಲಿ ಹೇಳುವುದು ಅನ್ಯಾಯ. ಬೆಲ್ಲವನ್ನು ವಾರಕ್ಕೆ ಅರ್ಧ ಚಮಚದಂತೆ ಇಳಿಸುತ್ತಾ ಬಂದರೆ ಎರಡು ತಿಂಗಳಲ್ಲಿ ಕಪ್ಪು ಕಾಫಿಯೇ ರುಚಿಸತೊಡಗುತ್ತದೆ. ಇನ್ನೊಂದು ಕಾರಣಕ್ಕೂ ಊಟಕ್ಕೂ ಕಾಫಿಗೂ ಒಂದು ಗಂಟೆ ಅಂತರ ಬೇಕು: ಕಾಫಿ ಊಟದ ಕಬ್ಬಿಣಾಂಶವನ್ನು ದೇಹಕ್ಕೆ ಹತ್ತಗೊಡುವುದಿಲ್ಲ, ಬೈಪಾಸ್ ಆದವರಿಗೆ ಕಬ್ಬಿಣ ಮೊದಲೇ ಕಡಿಮೆ ಹತ್ತುತ್ತದೆ. ಕಬ್ಬಿಣದ ಮಾತ್ರೆಯನ್ನು ಕಾಫಿಯ ಜೊತೆ ನುಂಗುವುದು ಅದನ್ನು ಎಸೆದಂತೆಯೇ. ಕ್ಯಾಲ್ಸಿಯಂ ಮಾತ್ರೆಗೂ ಕಬ್ಬಿಣದ ಮಾತ್ರೆಗೂ ಎರಡು ಗಂಟೆ ಅಂತರವಿರಲಿ.

ಮದ್ಯದ ಬಗ್ಗೆ ಮುಚ್ಚುಮರೆ ಬೇಡ, ಕೊಡಗಿನ ಮದುವೆ, ನಾಮಕರಣ, ಕೈಲ್‌ಪೊಳ್ದ್ ಯಾವುದೂ ಗ್ಲಾಸಿಲ್ಲದೆ ನಡೆಯುವುದು ಕಡಿಮೆ. ಶೇ. 42.8ರ ರಮ್ ಅಥವಾ ವಿಸ್ಕಿ 60 ಮಿಲಿಯಲ್ಲಿ ಸುಮಾರು 20 ಗ್ರಾಂ ಮದ್ಯ, 140 ಕ್ಯಾಲೊರಿ. ಇದಕ್ಕಿಂತ ಗಂಭೀರ ವಿಷಯ ಬೇರೆ. ಬೈಪಾಸ್, ಸ್ಲೀವ್ ಎರಡರಲ್ಲೂ ಮದ್ಯ ಮೊದಲಿಗಿಂತ ವೇಗವಾಗಿ ರಕ್ತಕ್ಕೆ ಏರುತ್ತದೆ. ಹಿಂದೆ ಹೆಚ್ಚು ಪೆಗ್ಗಿಗೆ ಆಗುತ್ತಿದ್ದದ್ದು ಈಗ ಕಡಿಮೆಗೇ ಆಗಬಹುದು. ಬೈಪಾಸ್ ಆದವರಲ್ಲಿ ಎರಡನೆಯ ವರ್ಷದಿಂದ ಕುಡಿತದ ಚಟ ಅಂಟುವ ಸಾಧ್ಯತೆ ಹೆಚ್ಚುತ್ತದೆ ಎಂದು ಅಧ್ಯಯನಗಳು ತೋರಿಸಿವೆ, ಮೊದಲು ಕುಡಿಯದವರಲ್ಲೂ. ಅಂಗಡಿಗಳಲ್ಲಿ ಸಾಲಾಗಿ ಇಟ್ಟಿರುವ ನೆಲ್ಲಿಕಾಯಿ, ಶುಂಠಿ, ಪ್ಯಾಶನ್ ಫ್ರೂಟ್ ಮನೆ ವೈನ್‌ಗಳು "ಹಣ್ಣಿನದು, ಆರೋಗ್ಯಕ್ಕೆ ಒಳ್ಳೆಯದು" ಅನ್ನಿಸಿಕೊಂಡು ಮನೆ ಸೇರುತ್ತವೆ. ಅವುಗಳಲ್ಲಿ ಮದ್ಯದ ಜೊತೆ ಸಕ್ಕರೆಯೂ ಇದೆ. ನಮ್ಮ ಶಿಫಾರಸು ಸ್ಪಷ್ಟ: ತೂಕ ಏರುತ್ತಿರುವಷ್ಟು ದಿನ ಪೆಗ್ಗೂ ಬೇಡ, ಮನೆ ವೈನೂ ಬೇಡ. ಒತ್ತಾಯಿಸುವವರಿಗೆ "ಮಾತ್ರೆ ತಗೊಳ್ತಾ ಇದ್ದೀನಿ ಮಾವ" ಅನ್ನುವುದು ಸಾಕು, ಅದು ಸುಳ್ಳೂ ಅಲ್ಲ.

ಹಬ್ಬದ ದಿನಗಳು

ಕಕ್ಕಡ ತಿಂಗಳ 18ನೆಯ ದಿನದ ಮದ್ದುಸೊಪ್ಪಿನ ಪಾಯಸ ವರ್ಷಕ್ಕೊಮ್ಮೆ ಬರುವುದು. ಅದನ್ನು ಬಿಡಿಸುವ ಉದ್ದೇಶ ಇಲ್ಲ. ಸೊಪ್ಪಿನ ರಸದಲ್ಲಿ ತೊಂದರೆಯಿಲ್ಲ, ಜೊತೆಗಿರುವ ಬೆಲ್ಲ, ತೆಂಗಿನಹಾಲಿನದೇ ಪ್ರಶ್ನೆ. ಖಾಲಿ ಹೊಟ್ಟೆಗೆ ಬಟ್ಟಲು ತುಂಬ ಕುಡಿದರೆ ಬೈಪಾಸ್ ಆದವರಿಗೆ ಅರ್ಧ ಗಂಟೆಯಲ್ಲೇ ಹೊಟ್ಟೆನೋವು, ಎದೆಬಡಿತ, ಭೇದಿ ಆಗಬಹುದು. ಎರಡು ಮೊಟ್ಟೆ ತಿಂದು ಆಮೇಲೆ ಎರಡು ಚಮಚ. ಪುತ್ತರಿಯ (ಹುತ್ತರಿ) ತಂಬಿಟ್ಟಿಗೂ ಅದೇ ಅಳತೆ. ನಿಜವಾಗಿ ತೂಕ ಏರಿಸುವುದು ಹಬ್ಬವಲ್ಲ, ಹಬ್ಬ ಮುಗಿದ ಮೇಲೂ ಡಬ್ಬಿಯಲ್ಲಿ ಉಳಿಯುವ ಸಿಹಿ, ಹೋಗುತ್ತಾ ಬರುತ್ತಾ ಕೈ ಹಾಕುವ ಬಾಳೆಕಾಯಿ ಚಿಪ್ಸ್. ಉಳಿದದ್ದನ್ನು ಆ ದಿನವೇ ನೆಂಟರ ಕೈಗೆ ಕಟ್ಟಿಕೊಡಿ.

ಊಟ ಬದಲಿಸಿದರೂ ಏರುತ್ತಿದ್ದರೆ

ಲೆಕ್ಕ ಹೀಗೆ ಹಾಕಿ. 120 ಕೆ.ಜಿ. ಇದ್ದವರು 78ಕ್ಕೆ ಇಳಿದಿದ್ದರು, ಈಗ 86. ಇಳಿದದ್ದು 42, ಮರಳಿದ್ದು 8, ಅಂದರೆ ಇಳಿದದ್ದರಲ್ಲಿ ಶೇ. 19. ಎಲ್ಲರೂ ಒಪ್ಪಿದ ಒಂದೇ ಗಡಿ ಇಲ್ಲ, ಆದರೆ ಶೇ. 10 ದಾಟುತ್ತಿದ್ದಂತೆ ತಪಾಸಣೆಗೆ ಹೋಗುವುದು ಜಾಣತನ. 20 ಕೆ.ಜಿ. ಮರಳಿದ ಮೇಲೆ ನಾಚಿಕೆಯಿಂದ ಮುಖ ಮರೆಸಿಕೊಳ್ಳುವವರೇ ಹೆಚ್ಚು, ಇದು ಬಹಳ ನೋವಿನ ಸಂಗತಿ. ಶಸ್ತ್ರಚಿಕಿತ್ಸೆ ಮೈಸೂರು, ಮಂಗಳೂರು, ಬೆಂಗಳೂರಿನಲ್ಲಿ ಆಗಿರುತ್ತದೆ, ಮೊದಲ ವರ್ಷದ ಉತ್ಸಾಹ ಕಳೆದ ಮೇಲೆ ಅಷ್ಟು ದೂರ ಹೋಗುವುದು ನಿಲ್ಲುತ್ತದೆ. ಹೋಗುವಾಗ ಒಂದೇ ಪ್ರಯಾಣದಲ್ಲಿ ಕೆಲಸ ಮುಗಿಯುವಂತೆ ಹೀಮೋಗ್ಲೋಬಿನ್, ಫೆರಿಟಿನ್, ಬಿ12, ವಿಟಮಿನ್ ಡಿ, ಥೈರಾಯ್ಡ್, ಎಚ್‌ಬಿಎ1ಸಿ ಇಲ್ಲೇ ಮಾಡಿಸಿ ವರದಿ ಜೊತೆಗಿಟ್ಟುಕೊಳ್ಳಿ. ಮೂರು ದಿನ ತಿಂದದ್ದನ್ನೆಲ್ಲ ಗ್ರಾಂ ಸಮೇತ ಬರೆದ ಹಾಳೆ ಎಲ್ಲ ವರದಿಗಿಂತ ಹೆಚ್ಚು ಉಪಯೋಗಕ್ಕೆ ಬರುತ್ತದೆ. ತೆಗೆದುಕೊಳ್ಳುತ್ತಿರುವ ಮಾತ್ರೆಗಳ ಪಟ್ಟಿಯೂ ಬೇಕು: ಸ್ಟೀರಾಯ್ಡ್, ಇನ್ಸುಲಿನ್, ಕೆಲವು ಮಾನಸಿಕ ಚಿಕಿತ್ಸೆಯ ಮಾತ್ರೆಗಳು ತಾವೇ ತೂಕ ಏರಿಸುತ್ತವೆ.

ಸೆಮಾಗ್ಲುಟೈಡ್, ಟಿರ್ಜೆಪಟೈಡ್ ಎಂಬ ವಾರಕ್ಕೊಮ್ಮೆಯ ಚುಚ್ಚುಮದ್ದುಗಳನ್ನು ಮರಳಿದ ತೂಕಕ್ಕೂ ವೈದ್ಯರು ಬರೆದುಕೊಡುತ್ತಾರೆ, ಕೆಲಸವನ್ನೂ ಮಾಡುತ್ತವೆ. ಹಸಿವು ತೀರಾ ಕಡಿಮೆಯಾಗಿ ಮೊದಲು ಬಿಟ್ಟುಹೋಗುವುದು ಮಾಂಸ, ಮೊಟ್ಟೆಯೇ ಆದ್ದರಿಂದ ಪ್ರೋಟೀನಿನ ಲೆಕ್ಕ ಇನ್ನೂ ಬಿಗಿಯಾಗಬೇಕು. ತೆರೆಯದ ಚುಚ್ಚುಮದ್ದಿನ ಪೆನ್ 2ರಿಂದ 8 ಡಿಗ್ರಿಯಲ್ಲಿರಬೇಕು, ಫ್ರೀಜರಿಗೆ ತಾಗಿ ಹೆಪ್ಪುಗಟ್ಟಿದರೆ ಎಸೆಯಬೇಕು. ಆಷಾಢದ ಮಳೆಗೆ ದಿನಗಟ್ಟಲೆ ಕರೆಂಟು ಹೋಗುವ ಊರುಗಳಲ್ಲಿ ಒಂದೇ ಸಲಕ್ಕೆ ಮೂರು ತಿಂಗಳಿನದು ತಂದಿಡಬೇಡಿ.

ಇನ್ನು ಪಂದಿಕರಿ ತಿಂದ ಮಾರನೆಯ ಬೆಳಿಗ್ಗೆ ತಕ್ಕಡಿ ಹತ್ತಬೇಡಿ. ಉಪ್ಪು ಮತ್ತು ಅಕ್ಕಿ ನೀರು ಹಿಡಿದಿಟ್ಟು ಒಂದು ಕಿಲೋ ಹೆಚ್ಚು ತೋರಿಸುತ್ತದೆ, ಅದು ಕೊಬ್ಬಲ್ಲ, ಎರಡು ಮೂರು ದಿನದಲ್ಲಿ ಇಳಿಯುತ್ತದೆ. ವಾರಕ್ಕೊಂದು ಸಲ, ಪ್ರತಿ ವಾರವೂ ಅದೇ ದಿನ, ಬೆಳಿಗ್ಗೆ ಶೌಚ ಮುಗಿಸಿ, ಕಾಫಿಗೆ ಮೊದಲು ನೋಡಿ ಕ್ಯಾಲೆಂಡರಿನ ಮೇಲೆ ಬರೆಯಿರಿ. ನಾಲ್ಕು ವಾರ ಬಿಡದೆ ಏರಿದ್ದರೆ ಮೊದಲು ಎಣಿಸಬೇಕಾದದ್ದು ಬೆಲ್ಲದ ಕಾಫಿಯ ಲೋಟಗಳನ್ನು.